ಮೆದು ಕಥೆಯ ಬಗ್ಗೆ ಬರೆದವರ ಎದುರೇ ಕೂತು ಮಾತಾಡುವುದು ಹೇಗೆ

ಫ್ಯಾನ್ ಫಿಕ್ಷನ್ ಬರೆಯುವ ಹುಡುಗ ಹುಡುಗಿಯರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಜನಕ್ಕೆ ಮೊದಲೇ ಗೊತ್ತಿರುವ ಕಥೆಯಿಂದ ಪಾತ್ರಗಳನ್ನು ತೆಗೆದುಕೊಂಡು ಹೊಸ ಕಥೆ ಕಟ್ಟುತ್ತಾರೆ. ಅದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಮೆದು ಫ್ಯಾಂಟಸಿ. ಯುದ್ಧ ಇಲ್ಲ, ಯಾರ ತಲೆಯೂ ಉರುಳುವುದಿಲ್ಲ. ಸ್ವಲ್ಪ ಮಾಯೆ, ಜಾಸ್ತಿ ಅಕ್ಕರೆ.

ಇಂಥ ಕಥೆಗೆ ಓದುಗರು ಮಾಡುವ ಅನ್ಯಾಯ ಒಂದೇ. "ಚೆನ್ನಾಗಿದೆ ಕಣೇ, ಓದಿ ಮನಸ್ಸಿಗೆ ಹಿತ ಆಯ್ತು" ಅಂದು ಸುಮ್ಮನಾಗುತ್ತಾರೆ. ಕಥೆ ಮೆತ್ತಗಿದೆ ಅಂತ ಮಾತನ್ನೂ ಮೆತ್ತಗೆ ಮಾಡಿಬಿಡುತ್ತಾರೆ. ಹೊಡೆದಾಟದ ಕಥೆಯಲ್ಲಿ ಒಂದೆರಡು ಕಡೆ ಸಡಿಲ ಇದ್ದರೂ ಮುಂದೇನಾಯ್ತು ಅನ್ನುವ ಕುತೂಹಲ ಎಳೆದುಕೊಂಡು ಹೋಗುತ್ತದೆ. ಮೆದು ಕಥೆಗೆ ಆ ಆಸರೆ ಇಲ್ಲ. ಒಂದು ಕಡೆ ಸುಳ್ಳೆನಿಸಿದರೂ ಇಡೀ ಕಥೆ ಕೂತುಬಿಡುತ್ತದೆ. ಹಾಗಾಗಿ ಅದನ್ನು ಬಿಗಿಯಾಗಿಯೇ ಓದಬೇಕು.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಬರೆದವರೂ ಓದಿದವರೂ ಒಟ್ಟಿಗೆ ಕೂತು ಮಾತಾಡುವ ರೂಢಿ ಇದೆ. ನಿಮ್ಮೂರಲ್ಲೂ ಮಾಡಬೇಕು ಅನ್ನಿಸಿದರೆ ಹೀಗೆ ಮಾಡಿ.

ಮೊದಲು ಕಥೆಯನ್ನು ಕಾಗದದ ಮೇಲೆ ತನ್ನಿ. ಮೊಬೈಲಿನಲ್ಲಿ ಓದಿದವರಿಗೆ ಯಾವ ಸಾಲು ಎಲ್ಲಿತ್ತು ಅಂತ ನೆನಪಿರುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ. ಸಾಲುಗಳ ನಡುವೆ ಜಾಗ ಬಿಡಿಸಿ, ಪುಟಕ್ಕೆ ನಂಬರ್ ಹಾಕಿಸಿ. ಒಂದು ವಾರ ಮುಂಚೆ ಹಂಚಿ. ಓದಿದ ತಕ್ಷಣ ಮಾತಾಡಬೇಡಿ, ಒಂದು ರಾತ್ರಿಯಾದರೂ ನಡುವೆ ಇರಲಿ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ನಡೆಸುತ್ತಿದ್ದ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮಾತು ನಡೆಯುತ್ತಿದ್ದದ್ದು ಮಾರನೇ ದಿನ ಬೆಳಿಗ್ಗೆ. ಅದು ಬಹಳ ಒಳ್ಳೆಯ ಪದ್ಧತಿ. ರಾತ್ರಿ ಕಳೆದರೆ ಹೊಗಳಿಕೆಯ ಬಿಸಿಯೂ ಇಳಿದಿರುತ್ತದೆ, ಸಿಟ್ಟೂ ಇಳಿದಿರುತ್ತದೆ.

ಕಾಲ ನೋಡಿಕೊಳ್ಳಿ. ನವೆಂಬರ್ ಹೊತ್ತಿಗೆ ಅಡಿಕೆ ಕೊನೆ ಕೊಯ್ಲು ಶುರುವಾದರೆ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ಜನ ಮನೆಯಲ್ಲೇ ಇರುತ್ತಾರೆ, ಆದರೆ ತಗಡಿನ ಮಾಡಿನ ಕೆಳಗೆ ಕೂರಬೇಡಿ. ಜುಲೈ ಮಳೆಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಹಂಚಿನ ಮನೆಯ ಜಗಲಿ ಒಳ್ಳೆಯದು. ಕರೆಂಟ್ ಹೋದರೂ ಓದುವಷ್ಟು ಬೆಳಕಿರುವ ಮಧ್ಯಾಹ್ನವೇ ಸೇರಿ. ಕೊನೇ ಬಸ್ಸಿಗೆ ಹೋಗುವವರು ಇದ್ದರೆ ಅವರ ಮಾತು ಮೊದಲು.

ಕೂತ ಮೇಲೆ ಮೊದಲ ಕೆಲಸ, ಮೂಲ ಕಥೆಯನ್ನು ಎಲ್ಲರೂ ಸೇರಿ ಒಮ್ಮೆ ನೆನಪಿಸಿಕೊಳ್ಳುವುದು. ಇದನ್ನು ಬಿಡಲೇಬೇಡಿ. ನಮ್ಮೂರಿನ, ಡಿಗ್ರಿ ಓದುವ ಒಬ್ಬ ಹುಡುಗಿ ಬರೆದ ಕಥೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅವಳು ಆರಿಸಿಕೊಂಡದ್ದು ಗೋವಿನ ಹಾಡು. ಪುಣ್ಯಕೋಟಿ ಕರುವಿಗೆ ಹಾಲು ಕೊಟ್ಟು, ಮಾತಿಗೆ ತಪ್ಪದೆ ಹುಲಿಯ ಗವಿಗೆ ವಾಪಸ್ ಹೋಗುತ್ತಾಳೆ. ಹಾಡೂ ಅವಳ ಹಿಂದೆಯೇ ಹೋಗುತ್ತದೆ. ಈ ಹುಡುಗಿಯ ಕಥೆ ಮಾತ್ರ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ತಾಯಿ ಹೋದ ಆ ರಾತ್ರಿ ಕರು ಉಳಿದ ದನಗಳ ಜೊತೆ ಹೇಗೆ ಕಳೆಯಿತು ಅನ್ನುವುದೇ ಕಥೆ. ಮಾಡಿನಲ್ಲಿ ಒಂದು ಗಾಜಿನ ಹಂಚು ಇದೆ. ಅದರಿಂದ ಬೆಳದಿಂಗಳು ಕೆಳಗೆ ಬೀಳುತ್ತದೆ. ಆ ಬೆಳಕು ಯಾವ ದನದ ಮೇಲೆ ಬೀಳುತ್ತದೋ ಆ ದನಕ್ಕೆ ಮಾತು ಬರುತ್ತದೆ. ಚಂದ್ರ ಸರಿದ ಹಾಗೆ ಬೆಳಕೂ ಸರಿಯುತ್ತದೆ, ಒಂದೊಂದೇ ದನದ ಸರದಿ ಬರುತ್ತದೆ. ಎಷ್ಟು ಚೆಂದದ ಮಾಯೆ ಅಲ್ವಾ?

ಈ ಹಾಡು ನಮಗೆಲ್ಲ ಗೊತ್ತು ಅಂತಲೇ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಪಾಠದ ಪುಸ್ತಕದಲ್ಲಿ ಓದಿದವರಿಗೆ ಗೊತ್ತಿರುವುದು ಚಿಕ್ಕದು. ಅಜ್ಜಿಯರ ಬಾಯಲ್ಲಿ ಕೇಳಿದವರಿಗೆ ಜಾಸ್ತಿ ಸಾಲು ಗೊತ್ತಿರುತ್ತವೆ. ಯಾವುದನ್ನು ಮೂಲ ಅಂತ ಇಟ್ಟುಕೊಂಡಿದ್ದೀರಿ ಅಂತ ಬರೆದವರು ಮೊದಲೇ ಹೇಳಬೇಕು. ಫ್ಯಾನ್ ಫಿಕ್ಷನ್ ಬರೆಯುವವರು ಇದನ್ನು ಕ್ಯಾನನ್ ಅನ್ನುತ್ತಾರೆ. ಇದೊಂದು ತೀರ್ಮಾನವಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಆಮೇಲೆ ಕಥೆಯ ಒಂದು ಭಾಗವನ್ನು ಗಟ್ಟಿಯಾಗಿ ಓದಿಸಿ. ಬರೆದವರು ಓದಬಾರದು, ಬೇರೆಯವರೇ ಓದಬೇಕು. ಬರೆದವರಿಗೆ ಎಲ್ಲಿ ದನಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುತ್ತದೆ. ಕಾಗದದ ಮೇಲೆ ಇಲ್ಲದ್ದನ್ನೂ ದನಿಯಲ್ಲಿ ತುಂಬಿಬಿಡುತ್ತಾರೆ. ಬೇರೆಯವರು ಓದುವಾಗ ಎಲ್ಲಿ ನಾಲಿಗೆ ತೊಡರಿತು, ಯಾವ ಸಾಲನ್ನು ಎರಡನೇ ಸಲ ಓದಬೇಕಾಯಿತು ಅಂತ ಬರೆದವರು ಗುರುತು ಹಾಕಿಕೊಳ್ಳಲಿ.

ಬರೆದವರು ಕೊನೆವರೆಗೂ ಬಾಯಿ ಬಿಡಬಾರದು ಅನ್ನುವ ನಿಯಮ ಕೆಲವು ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಮನೆ ಹುಡುಗಿಯನ್ನು ಎದುರು ಕೂರಿಸಿಕೊಂಡು, ಅವಳು ಇಲ್ಲವೇ ಇಲ್ಲ ಅನ್ನುವ ಹಾಗೆ ಮಾತಾಡುವುದು ಸರಿಯಲ್ಲ. ಶುರುವಿನಲ್ಲೇ ಬರೆದವರು ತಮಗೆ ತಿಳಿಯಬೇಕಾದ ಎರಡು ಪ್ರಶ್ನೆ ಹೇಳಲಿ. ನಮ್ಮ ಹುಡುಗಿ ಕೇಳಿದ್ದು ಹೀಗೆ: "ಕರುವಿನ ಬಗ್ಗೆ ನಿಮಗೆ ಎಲ್ಲಿ ಭಯ ಆಯ್ತು? ಎಲ್ಲಿ ಬೇಜಾರು ಬಂದು ಪುಟ ಹಾರಿಸಿದಿರಿ?" ಇಂಥ ಪ್ರಶ್ನೆ ಇದ್ದರೆ "ಚೆನ್ನಾಗಿದೆ" ಅಂದು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಆಮೇಲೆ ಎಲ್ಲರದೂ ಒಂದು ಸುತ್ತು ಮಾತು ಮುಗಿಯುವವರೆಗೆ ಅವರು ಬರೆದುಕೊಳ್ಳುತ್ತಾ ಕೂರಲಿ. ಅಷ್ಟು ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಪ್ರಶ್ನೆ ಹೇಗಿರುತ್ತದೆ?

ಹುಡುಗಿಯ ಮೊದಲ ಪ್ರತಿಯಲ್ಲಿ ಕರು ಹಸಿದು ಅತ್ತಾಗ ಎಲ್ಲ ದನಗಳೂ ಕರೆದು ಹಾಲು ಕೊಡುತ್ತಿದ್ದವು. ಓದಿದವರೆಲ್ಲ ಮೆಚ್ಚಿದರು. ಮಲೆನಾಡು ಗಿಡ್ಡ ತಳಿಯ ದನ ಸಾಕುವ ಒಬ್ಬ ಅಜ್ಜಿ ಮಾತ್ರ ತಲೆ ಅಲ್ಲಾಡಿಸಿದರು. "ಎಂತ ಮಾರಾಯ್ತಿ, ಬೇರೆ ಕರುವನ್ನು ದನ ಅಷ್ಟು ಸಲೀಸಾಗಿ ಹತ್ತಿರ ಬಿಟ್ಟುಕೊಳ್ತದಾ? ಮೂಸಿ ನೋಡಿ ಒದೀತದೆ."

"ಇದು ಮಾಯೆಯ ಕಥೆ ಅಲ್ವಾ ಅಜ್ಜಿ" ಅಂದಳು ಹುಡುಗಿ, ತನ್ನ ಸರದಿಗೂ ಕಾಯದೆ.

ಎಷ್ಟೋ ಕಡೆ ಮಾತು ಇಲ್ಲಿಗೇ ನಿಲ್ಲುತ್ತದೆ. ಮಾಯೆ ಅಂದ ಮೇಲೆ ಮುಗಿಯಿತು ಅಂತ ಓದುಗರು ಸುಮ್ಮನಾಗುತ್ತಾರೆ. ನೀವು ಸುಮ್ಮನಾಗಬೇಡಿ. ಮುಂದಿನ ಪ್ರಶ್ನೆ ಕೇಳಿ: ಈ ಕಥೆಯ ಮಾಯೆಗೆ ಏನು ಮಾಡಲು ಬರುತ್ತದೆ, ಏನು ಮಾಡಲು ಬರುವುದಿಲ್ಲ? ಈ ಕಥೆಯಲ್ಲಿ ಬೆಳದಿಂಗಳು ದನಕ್ಕೆ ಮಾತು ಕೊಡುತ್ತದೆ. ಅಷ್ಟೇ. ದನದ ಮೂಗನ್ನು ಅದು ಬದಲಿಸುವುದಿಲ್ಲ. ಹಾಗಾದರೆ ಅಜ್ಜಿಯ ಪ್ರಶ್ನೆ ಹಾಗೇ ಉಳಿಯಿತು.

ಇನ್ನೊಂದು ಹೆಜ್ಜೆ ಹಿಂದೆ ಹೋಗಿ ಮೂಲ ನೋಡಿ. ಪುಣ್ಯಕೋಟಿ ಹೊರಡುವ ಮುಂಚೆ ಉಳಿದ ದನಗಳ ಹತ್ತಿರ ಏನು ಬೇಡಿಕೊಳ್ಳುತ್ತಾಳೆ? ಕಂದ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಮಗು ಅಂತ ನೋಡಿಕೊಳ್ಳಿ ಅನ್ನುತ್ತಾಳೆ. ದನ ಹಾಯುತ್ತದೆ, ಒದೆಯುತ್ತದೆ ಅಂತ ಗೊತ್ತಿರುವ ತಾಯಿ ಮಾತ್ರ ಹೀಗೆ ಬೇಡಿಕೊಳ್ಳಲು ಸಾಧ್ಯ. ಆ ಹಾಡು ಕಟ್ಟಿದವರು ಕೊಟ್ಟಿಗೆ ಕಂಡವರು. ಅಜ್ಜಿ ಹೇಳಿದ್ದು ಹಾಡಿನೊಳಗೇ ಇತ್ತು.

ಅಲ್ಲಿಂದ ಕಥೆಗೆ ಹೊಸ ಜೀವ ಬಂತು. ಹಾಲು ಸುಮ್ನೆ ಸಿಗಬಾರದು. ಒಂದು ದನ ಒದೆಯಲಿ. ಇನ್ನೊಂದು ಮುಖ ತಿರುಗಿಸಲಿ. ಬೆಳಕು ಮೇಲೆ ಬಿದ್ದಾಗ ತಾನು ಯಾಕೆ ಒದ್ದೆ ಅಂತ ಅದು ಹೇಳಲಿ. ತನ್ನ ಕರುವನ್ನು ಕಳೆದುಕೊಂಡ ದನ ಕೊನೆಗೆ ಹತ್ತಿರ ಬಿಟ್ಟುಕೊಳ್ಳಲಿ. ಒಂದು ಹನಿ ರಕ್ತ ಬೀಳಲಿಲ್ಲ, ಕಥೆ ಮೆದುವಾಗಿಯೇ ಉಳಿಯಿತು. ಆದರೆ ಆ ರಾತ್ರಿಗೆ ಈಗ ಒಂದು ಕೆಲಸ ಬಂತು, ಕರುವಿಗೆ ದಾಟಬೇಕಾದ ಒಂದು ಕಷ್ಟ ಬಂತು. ಓದುಗರು ಕೊಡಬಹುದಾದ ದೊಡ್ಡ ಉಡುಗೊರೆ ಇದೇ ಅಂತ ನಾನು ನಂಬಿದ್ದೇನೆ. ತಾವು ಬದುಕಿ ಕಂಡದ್ದನ್ನು ತರುವುದು, ಆಮೇಲೆ ಅದನ್ನು ಕಥೆಯ ಎದುರೂ ಮೂಲದ ಎದುರೂ ಹಿಡಿದು ನೋಡುವುದು.

ಇದಕ್ಕೆ ತದ್ವಿರುದ್ಧವಾದ ಒಂದು ಅಭ್ಯಾಸ ಇದೆ. ಓದುಗರು ತಮ್ಮ ಕಥೆಯನ್ನೇ ಹೇಳಲು ಶುರುಮಾಡುತ್ತಾರೆ. "ಹುಲಿ ಬಂದು ಕೊಟ್ಟಿಗೆ ಬಾಗಿಲು ಬಡಿಯಲಿ, ಆಗ ಥ್ರಿಲ್ ಇರ್ತದೆ" ಅಂತ ಒಬ್ಬರು. "ಹುಲಿ ಪಾಪ, ಸಾಯಿಸಬೇಡ" ಅಂತ ಇನ್ನೊಬ್ಬರು. ಎರಡೂ ಬೇರೆ ಕಥೆಗಳು. ಅವರ ಕೈಗೆ ಒಂದು ಖಾಲಿ ಹಾಳೆ ಕೊಟ್ಟು, "ಇದನ್ನು ನೀವೇ ಬರೀರಿ, ಮುಂದಿನ ಸಲ ಓದೋಣ" ಅನ್ನಿ. ನಾನು ಬೇಜಾರಿನಿಂದ ಹಾಗೆ ಹೇಳುವುದಲ್ಲ. ಹಾಗೆ ಬರೆದು ತಂದವರು ನಮ್ಮಲ್ಲಿ ಇದ್ದಾರೆ.

ಯಕ್ಷಗಾನದ್ದೇ ಒಂದು ರೂಪವಾದ ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರ ಪದ್ಯ ಮುಗಿದ ಮೇಲೆ, ಪಾತ್ರವಾಗಿ ಅರ್ಥ ಹೇಳುವ ಅರ್ಥಧಾರಿ ಕೂತಲ್ಲೇ ಮಾತಾಡುತ್ತಾರೆ. ಕರ್ಣನ ಅರ್ಥ ಹೇಳುವವರು ಮಾತಿನಲ್ಲಿ ಕೃಷ್ಣನನ್ನೂ ಕಟ್ಟಿಹಾಕಬಹುದು. ಆದರೆ ಪ್ರಸಂಗದ ಕೊನೆಯಲ್ಲಿ ಕರ್ಣ ಬೀಳಲೇಬೇಕು. ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಅಂತ ಹೇಳುವವರಿಗೂ ಕೇಳುವವರಿಗೂ ಗೊತ್ತಿರುವುದರಿಂದಲೇ ಅಲ್ಲಿನ ಮಾತಿಗೆ ಅಷ್ಟು ರುಚಿ. ನಿಮ್ಮ ಕೂಟದಲ್ಲೂ ಬರೆದವರನ್ನು ಕೇಳಿ: ನೀನು ಯಾವುದನ್ನು ಮುಟ್ಟುವುದಿಲ್ಲ? ನಮ್ಮ ಹುಡುಗಿ ಹುಲಿಯ ಸಾವನ್ನು ಮುಟ್ಟಲಿಲ್ಲ. ಕೊಟ್ಟಿಗೆಯೊಳಗಿನ ಕರುವಿಗೆ ಅದು ಗೊತ್ತಾಗುವುದೇ ಇಲ್ಲ, ಅಷ್ಟೇ.

ಹುಲಿಯ ವಿಷಯದಲ್ಲಿ ಒಬ್ಬ ಅಡಿಕೆ ತೋಟದವರು ಕೇಳಿದ ಪ್ರಶ್ನೆಯನ್ನು ಹೇಳಲೇಬೇಕು. "ನಮ್ಮ ಕಡೆ ದೀಪಾವಳಿಗೆ ಗೋಪೂಜೆಯೂ ಉಂಟು, ಹುಲಿಯಪ್ಪನಿಗೆ ಪೂಜೆಯೂ ಉಂಟು. ಅಂದ ಮೇಲೆ ಈ ದನಗಳು ಹುಲಿಯನ್ನು ಏನಂತ ಕರೀತಾವೆ?" ನೋಡಿ, ಇವರು ಹೀಗೆ ಬರಿ ಅನ್ನಲಿಲ್ಲ. ತಮಗೆ ಗೊತ್ತಿದ್ದನ್ನು ಮುಂದಿಟ್ಟು ಕೇಳಿದರು. ಹುಡುಗಿ ಬಹಳ ಹೊತ್ತು ಯೋಚಿಸಿದಳು. ಮುಂದಿನ ಪ್ರತಿಯಲ್ಲಿ ಮುದಿ ದನವೊಂದು ಹುಲಿಯನ್ನು "ಗುಡ್ಡದ ದೊಡ್ಡಪ್ಪ" ಅನ್ನುತ್ತದೆ. ಆ ಒಂದು ಮಾತಿನಲ್ಲಿ ಭಯವೂ ಇದೆ, ಗೌರವವೂ ಇದೆ, ನೆಂಟಸ್ತಿಕೆಯೂ ಇದೆ. ಮೆದು ಕಥೆಯಲ್ಲಿ ಭಯ ಇರಬಾರದು ಅಂತ ಏನಿಲ್ಲ. ಅದು ಓದುವವರ ಕುತ್ತಿಗೆ ಹಿಡಿಯಬಾರದು, ಅಷ್ಟೇ.

ಒಂದು ಸುತ್ತು ಮುಗಿದ ಮೇಲೆ ಬರೆದವರ ಸರದಿ. ಎಲ್ಲದಕ್ಕೂ ಸಮಜಾಯಿಷಿ ಕೊಡುವುದು ಬೇಡ. ಕೇಳಿದ ವಿಷಯ ಕಥೆಯಲ್ಲೇ ಇದ್ದರೆ ಪುಟದ ನಂಬರ್ ಹೇಳಿ. ಎರಡು ಮೂರು ಜನ ಅದನ್ನು ಕಾಣದೆ ಹೋಗಿದ್ದರೆ ಅಲ್ಲಿ ಇನ್ನೊಂದು ಸಾಲು ಬೇಕು ಅಂತ ಅರ್ಥ. ಬೇಕೆಂದೇ ಬಿಟ್ಟಿದ್ದರೆ ಹಾಗಂತಲೇ ಹೇಳಿ, ಕಾರಣ ಹೇಳಲೇಬೇಕು ಅಂತ ಇಲ್ಲ. ಕಣ್ಣಲ್ಲಿ ನೀರು ಬಂದರೆ ಕಾಫಿಗೆ ಏಳಿ. ಹಲಸಿನ ಹಪ್ಪಳ ಕರಿದಿಟ್ಟುಕೊಂಡಿದ್ದರೆ ಅದಕ್ಕಿಂತ ಒಳ್ಳೆಯ ಬಿಡುವು ಇಲ್ಲ.

ಕೂಟದಲ್ಲಿ ಒಬ್ಬರಾದರೂ ಕೇಳುತ್ತಾರೆ: ಇನ್ನೊಬ್ಬರ ಕಥೆ ತೆಗೆದುಕೊಂಡು ಬರೆಯುವುದು ಸಾಹಿತ್ಯ ಆಗ್ತದಾ? ಅದಕ್ಕೆ ಹೆಚ್ಚು ಹೊತ್ತು ಕೊಡಬೇಡಿ. ಹತ್ತನೇ ಶತಮಾನದಲ್ಲೇ ಪಂಪ ಭಾರತದ ಕಥೆ ತೆಗೆದುಕೊಂಡು ತನ್ನ ರಾಜ ಅರಿಕೇಸರಿಯನ್ನು ಅರ್ಜುನನ ಜೊತೆ ಸೇರಿಸಿ ಬರೆದ ಅನ್ನಿ. ಹೊಸಬರ ಲೋಕದ ಮಾತು ಬೇಕಾದರೆ, ಫ್ಯಾನ್ ಫಿಕ್ಷನ್ ಕೂಡಿಡುವ ಆರ್ಕೈವ್ ಆಫ್ ಅವರ್ ಓನ್ ಅನ್ನುವ ವೆಬ್‌ಸೈಟಿಗೆ 2019ರಲ್ಲಿ, ವಿಜ್ಞಾನ ಕಥೆ ಮತ್ತು ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಹಕ್ಕಿನ ಪ್ರಶ್ನೆ ಬೇರೆ, ಅದನ್ನು ಗಂಭೀರವಾಗಿಯೇ ನೋಡಬೇಕು. ಗೋವಿನ ಹಾಡು ಜನಪದದ್ದು, ಯಾರ ಅಪ್ಪಣೆಯೂ ಬೇಡ. ಆದರೆ ಈಚಿನ ಲೇಖಕರ ಪಾತ್ರಗಳಾದರೆ ನಮ್ಮ ದೇಶದ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಅಂಥ ಕಥೆಯನ್ನು ಅಚ್ಚು ಹಾಕಿಸಿ ಮಾರುವ ಯೋಚನೆ ಇದ್ದರೆ ಮೊದಲು ಅನುಮತಿ ಕೇಳಿ.

ಮಕ್ಕಳು ಬಂದರೆ ಮುಂದೆ ಕೂರಿಸಿ. ಅವರಿಗೆ ಮೊದಲು ಮಾತಾಡಲು ಬಿಡಿ. ದೊಡ್ಡವರು ಮಾತಾಡಿದ ಮೇಲೆ ಮಕ್ಕಳು ಅದನ್ನೇ ಹೇಳುತ್ತಾರೆ.

ಮುಗಿಯುವ ಹೊತ್ತಿಗೆ ಗುರುತು ಹಾಕಿದ ಎಲ್ಲ ಪ್ರತಿಗಳನ್ನೂ ಒಟ್ಟು ಮಾಡಿ ಬರೆದವರಿಗೆ ಕೊಡಿ. ಹೆಸರು ಬರೆಯುವುದು ಬೇಡ. ಪಕ್ಕದಲ್ಲಿ ಹಾಕಿದ ಗೆರೆ, ಪ್ರಶ್ನೆ ಗುರುತು ಎಲ್ಲ ಇರಲಿ. ಬಾಯಲ್ಲಿ ಹೇಳಲು ಸಂಕೋಚಪಟ್ಟವರ ಮಾತು ಅಲ್ಲೇ ಸಿಗುತ್ತದೆ. ತಿದ್ದಲು ಕನಿಷ್ಠ ಹದಿನೈದು ದಿನ ಕೊಡಿ, ನಡುವೆ ಎದುರು ಸಿಕ್ಕಾಗ "ಆಯ್ತಾ" ಅಂತ ಕೇಳಬೇಡಿ. ತಿದ್ದಿದ ಪ್ರತಿ ಬಂದ ಮೇಲೆ ಇಡೀ ಕೂಟ ಮತ್ತೆ ಸೇರಬೇಕಾಗಿಲ್ಲ. ಬದಲಾದ ಪುಟಗಳನ್ನು ಆ ಪ್ರಶ್ನೆ ಕೇಳಿದವರಿಗೇ ತೋರಿಸಿ. ನಮ್ಮ ಹುಡುಗಿ ಹಾಲಿನ ಪುಟಗಳನ್ನು ಹಿಡಿದು ಅಜ್ಜಿಯ ಮನೆಗೇ ಹೋಗಿ ಓದಿ ಬಂದಳು. ಒದೆಯುವ ದನಕ್ಕೆ ಮೊದಲು ಹಿಂಗಾಲು ಕಟ್ಟುತ್ತಾರೆ, ಅದನ್ನೂ ಸೇರಿಸು ಅಂತ ಅಜ್ಜಿ ಹೇಳಿ ಕಳಿಸಿದ್ದಾರೆ. ಆದರೆ ಆ ರಾತ್ರಿ ಕೊಟ್ಟಿಗೆಯಲ್ಲಿ ಮನುಷ್ಯರು ಯಾರೂ ಇಲ್ಲ. ಕಾಲು ಕಟ್ಟುವವರು ಯಾರು ಅಂತ ಅವಳು ಈಗ ಯೋಚಿಸುತ್ತಿದ್ದಾಳೆ.