ಮೋಟರ್‌ಹೋಮ್ ಫರ್ನೇಸ್ ಹತ್ತುತ್ತಿಲ್ಲವೇ? ಕಿವಿಗೊಟ್ಟು ಕೇಳಿ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಗಾಡಿ, ಬಾಡಿಗೆಗೆ ತಗೊಂಡು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಬೇಸಿಗೆಯಲ್ಲೂ ಅಲ್ಲಿ ರಾತ್ರಿ ಚಳಿ ಸೊನ್ನೆಗೆ ಇಳಿಯುವುದುಂಟು. ನಡುರಾತ್ರಿ 2 ಗಂಟೆಗೆ ಗಾಡಿಯೊಳಗೆ ಬಿಸಿ ಗಾಳಿ ಊದುವ ಗ್ಯಾಸ್ ಫರ್ನೇಸ್ ಕೈಕೊಟ್ಟಿತು. ಮಗಳು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಮುದುಡಿ ಕೂತಿದ್ದಳು. ಗ್ಯಾಸ್ ಮುಗಿದಿರಬೇಕು ಎಂದು ಟಾರ್ಚ್ ಹಿಡಿದು ಹೊರಗೆ ಓಡಿದೆ. ಗ್ಯಾಸ್ ಬೇಕಾದಷ್ಟಿತ್ತು. ಸೋತಿದ್ದು ಬ್ಯಾಟರಿ.

ಮೊದಲೇ ಒಂದು ಮಾತು. ಗ್ಯಾಸ್ ವಾಸನೆ ಬಂದರೆ ಅಥವಾ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಕೂಗಿದರೆ ಏನನ್ನೂ ರಿಪೇರಿ ಮಾಡಲು ಹೋಗಬೇಡಿ. ಸ್ವಿಚ್ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ, ಸಿಲಿಂಡರ್ ವಾಲ್ವ್ ಮುಚ್ಚಿ. ಎಷ್ಟೇ ಚಳಿಯಿದ್ದರೂ ಒಲೆ ಹಚ್ಚಿಟ್ಟು ಮಲಗಲೇಬಾರದು.

ಈಗ ಥರ್ಮೋಸ್ಟಾಟ್ (ಒಳಗೆ ಎಷ್ಟು ಬೆಚ್ಚಗಿರಬೇಕೆಂದು ಗೊತ್ತುಮಾಡುವ ಗುಂಡಿ) ಏರಿಸಿ, ಸುಮ್ನೆ ಕೇಳಿಸಿಕೊಳ್ಳಿ. ಸರಿಯಿರುವ ಫರ್ನೇಸ್‌ನಲ್ಲಿ ಮೊದಲು ಫ್ಯಾನ್ ಗುಂಯ್ ಎನ್ನುತ್ತದೆ. 15–30 ಸೆಕೆಂಡ್ ಬಿಟ್ಟು ಟಿಕ್ ಟಿಕ್ ಎಂದು ಕಿಡಿ. ಆಮೇಲೆ ಭುಸ್ ಎಂದು ಬೆಂಕಿ. ಈ ಸದ್ದು ಎಲ್ಲಿಗೆ ನಿಂತಿತೋ ತೊಂದರೆ ಅಲ್ಲೇ ಇದೆ.

ಫ್ಯಾನೇ ತಿರುಗದಿದ್ದರೆ ಫ್ಯೂಸ್, ಥರ್ಮೋಸ್ಟಾಟ್, ಬ್ಯಾಟರಿ ನೋಡಿ.

ಫ್ಯಾನ್ ತಿರುಗುತ್ತದೆ, ಟಿಕ್ ಟಿಕ್ ಮಾತ್ರ ಇಲ್ಲ. ನಮಗೆ ಆಗಿದ್ದು ಇದೇ, ಜಾಸ್ತಿ ಜನ ಎಡವುವುದೂ ಇಲ್ಲೇ. ಫ್ಯಾನ್ ತಿರುಗುತ್ತಿದೆಯಲ್ಲ, ಕರೆಂಟ್ ಸರಿಯಾಗೇ ಇದೆ ಅಂದುಕೊಳ್ಳುತ್ತೇವೆ, ಅಲ್ವಾ? ಒಳಗೆ ಸೇಲ್ ಸ್ವಿಚ್ ಎಂಬ ಪುಟ್ಟ ಸ್ವಿಚ್ ಇದೆ. ಅದರ ತೆಳು ತಗಡಿನ ರೆಕ್ಕೆಯನ್ನು ಫ್ಯಾನಿನ ಗಾಳಿ ದೂಡಬೇಕು. ದೂಡಿದರೆ ಮಾತ್ರ ಫರ್ನೇಸ್ ನಡೆಸುವ ಸರ್ಕ್ಯೂಟ್ ಬೋರ್ಡ್ ಕಿಡಿ ಹಾರಿಸಿ ಗ್ಯಾಸ್ ಬಿಡುತ್ತದೆ. 12 ವೋಲ್ಟ್ ಬ್ಯಾಟರಿ 10.5ಕ್ಕಿಂತ ಕೆಳಗೆ ಬಂದರೆ ಫ್ಯಾನ್ ತಿರುಗಿದರೂ ಗಾಳಿಗೆ ಅಷ್ಟು ಬಲ ಇರುವುದಿಲ್ಲ. ನಾನು ಎಂಜಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ ಫ್ಯಾನಿನ ದನಿ ಗಟ್ಟಿಯಾಯಿತು, ಟಿಕ್ ಟಿಕ್ ಶುರುವಾಯಿತು. ಎಷ್ಟೋ ಕ್ಯಾಂಪುಗಳಲ್ಲಿ ರಾತ್ರಿ ಜನರೇಟರ್ ಹಾಕುವಂತಿಲ್ಲ, ಹಾಗಾಗಿ ಸಂಜೆಯೇ ಚಾರ್ಜ್ ಮಾಡಿಕೊಳ್ಳಿ. ಬ್ಯಾಟರಿ ಸರಿಯಿದ್ದರೆ ಗಾಳಿ ಎಳೆಯುವ ಜಾಲರಿ ಮುಂದೆ ಬ್ಯಾಗ್ ಇಟ್ಟಿದ್ದೀರಾ ನೋಡಿ. ಆ ರೆಕ್ಕೆಗೆ ನಾಯಿ ಕೂದಲು ಸಿಕ್ಕಿಕೊಂಡರೂ ಸಾಕು, ಫರ್ನೇಸ್ ಹತ್ತುವುದಿಲ್ಲ.

ಟಿಕ್ ಟಿಕ್ ಇದೆ, ಬೆಂಕಿ ಇಲ್ಲ ಅಂದರೆ ಗ್ಯಾಸ್ ಕಡೆ ತಿರುಗಿ. ಒಲೆ ಹಚ್ಚಿ ನೋಡಿ. ಸಿಲಿಂಡರ್ ತುಂಬಿಸಿದ ಮೇಲೆ ಪೈಪಿನಲ್ಲಿ ಗಾಳಿ ಉಳಿದಿರುತ್ತದೆ, ಒಲೆಯ ಉರಿ ಒಂದೇ ಸಮ ಆಗುವವರೆಗೆ ಉರಿಸಿ. ವಾಲ್ವ್ ನಿಧಾನಕ್ಕೆ ತಿರುಗಿಸಿ. ಒಮ್ಮೆಲೇ ತೆರೆದರೆ ಒಳಗಿನ ಸುರಕ್ಷತಾ ವಾಲ್ವ್ ಅದನ್ನು ಸೋರಿಕೆ ಎಂದುಕೊಂಡು ಗ್ಯಾಸ್ ತಡೆಯುತ್ತದೆ. ಚಳಿಗೆ ಗ್ಯಾಸ್ ಕಟ್ಟಿರಬೇಕು ಎಂಬ ಅನುಮಾನ ಬೇಡ. ನಮ್ಮೂರ ಅಡುಗೆ ಸಿಲಿಂಡರಿನಲ್ಲಿ ಬ್ಯೂಟೇನ್ ಕೂಡ ಇರುತ್ತದೆ, ಅದು ಸೊನ್ನೆಯ ಹತ್ತಿರ ಆವಿಯಾಗದೆ ಕೂರುತ್ತದೆ. ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ತುಂಬುವುದು ಪ್ರೊಪೇನ್. ಅದರ ಕುದಿಬಿಂದು ಮೈನಸ್ 42 ಡಿಗ್ರಿ.

ಹೊರಗಿನ ಹೊಗೆ ಕೊಳವೆಯನ್ನೂ ನೋಡಿ. ಕಣಜಗಳಿಗೆ ಅಲ್ಲಿ ಮಣ್ಣಿನ ಗೂಡು ಕಟ್ಟುವುದೆಂದರೆ ಬಲು ಇಷ್ಟ. ಸಾಮಾನ್ಯವಾಗಿ ಮೂರು ಸಲ ಬೆಂಕಿ ಹತ್ತದಿದ್ದರೆ ಬೋರ್ಡ್ ತಾನೇ ಲಾಕ್ ಆಗುತ್ತದೆ. ಥರ್ಮೋಸ್ಟಾಟ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಒಮ್ಮೆ ಪ್ರಯತ್ನಿಸಿ.

ಬೆಂಕಿ ಹತ್ತಿ ಕೆಲವೇ ಸೆಕೆಂಡಿನಲ್ಲಿ ಆರುತ್ತಿದ್ದರೆ ಕಿಡಿ ಹಾರಿಸುವ ಕಡ್ಡಿ (ಎಲೆಕ್ಟ್ರೋಡ್) ಕೊಳೆಯಾಗಿರಬಹುದು ಅಥವಾ ಅರ್ತ್ ವೈರ್ ಸಡಿಲವಾಗಿರಬಹುದು. ಅದನ್ನೂ, ಗ್ಯಾಸ್ ಒತ್ತಡವನ್ನೂ ಮೆಕ್ಯಾನಿಕ್‌ಗೇ ಬಿಡಿ. ಒತ್ತಡ 11 ಇಂಚು ನೀರಿನ ಮಟ್ಟಕ್ಕೆ (ಗ್ಯಾಸ್ ಒತ್ತಡ ಅಳೆಯುವ ಮಾನ ಇದು) ಸರಿಯಾಗಿರಬೇಕು, ಮೀಟರ್ ಇಲ್ಲದೆ ರೆಗ್ಯುಲೇಟರ್ ತಿರುಗಿಸಬೇಡಿ.