ಮಡಿಕೇರಿಯ ಹಳೆಯ ವಿಡಿಯೋ ಗೇಮ್ ಕೂಟ: ದುರಸ್ತಿ ಮೇಜಿನ ಹಿಂದೆ ಕುಳಿತು ಕಂಡದ್ದು

ಕೊಡಗಿನಲ್ಲಿ ಒಂದು ಕೂಟಕ್ಕೆ ದಿನ ಗೊತ್ತುಮಾಡುವುದೇ ದೊಡ್ಡ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಹುತ್ತರಿ ಮುಗಿಯಿತು ಎನ್ನುವಷ್ಟರಲ್ಲಿ ಕಾಫಿ ಕೊಯ್ಲು. ಅರೇಬಿಕಾ ಕೊಯ್ದು ಮುಗಿಸುವ ಹೊತ್ತಿಗೆ ರೊಬಸ್ಟಾ ಹಣ್ಣಾಗಿ ನಿಂತಿರುತ್ತದೆ, ಫೆಬ್ರವರಿಯವರೆಗೆ ತೋಟದವರಿಗೆ ತಲೆ ಎತ್ತಲು ಬಿಡುವಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು, ಅದರ ಜೊತೆಗೆ ಕೊಡವ ಕುಟುಂಬಗಳ ಹಾಕಿ ಉತ್ಸವ. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತಾ ಬಂದರೆ ಕಾವೇರಿ ಸಂಕ್ರಮಣ ಕಳೆದು ಹುತ್ತರಿ ಬರುವ ಮುಂಚಿನ ಕೆಲವು ವಾರಗಳು ಉಳಿಯುತ್ತವೆ. ನಮ್ಮ ಹಳೆಯ ವಿಡಿಯೋ ಗೇಮ್ ಕೂಟ ನಡೆಯುವುದು ಆ ವಾರಗಳಲ್ಲೊಂದು ಭಾನುವಾರ, ಮಡಿಕೇರಿಯ ಒಂದು ಸಭಾಂಗಣದಲ್ಲಿ.

ಮೊದಲ ವರ್ಷ ನಾನು ಹೋದದ್ದು ಆಟವಾಡಲು. ನನ್ನ ಕಸುಬು ಟಿವಿ, ಇನ್ವರ್ಟರ್, ಮಿಕ್ಸಿ ದುರಸ್ತಿ. ಮಧ್ಯಾಹ್ನದೊಳಗೆ ನಾಲ್ಕಾರು ಯಂತ್ರಗಳು ಕೈಕೊಟ್ಟಾಗ ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ಕುಳಿತವನು ಸಂಜೆವರೆಗೆ ಏಳಲಿಲ್ಲ. ಮುಂದಿನ ವರ್ಷದಿಂದ ದುರಸ್ತಿ ಮೇಜು ನನ್ನ ಹೊಣೆಯಾಯಿತು. ಟಿವಿಗಳನ್ನು ಒಟ್ಟುಮಾಡುವುದು ಮತ್ತು ವಿದ್ಯುತ್ ವ್ಯವಸ್ಥೆಯೂ ಜೊತೆಗೇ ಬಂದವು. ಇಂಥ ಕೂಟ ನಡೆಸಬೇಕೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ದುರಸ್ತಿ ಮೇಜನ್ನು ಮೂಲೆಗೆ ತಳ್ಳಬೇಡಿ, ಬಾಗಿಲಿನ ಎದುರಿಗೇ ಹಾಕಿ. ಗಾಜಿನ ಪೆಟ್ಟಿಗೆಯೊಳಗಿನ ಯಂತ್ರವನ್ನು ಜನ ಎರಡು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ತಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಯಂತ್ರಕ್ಕೆ ಜೀವ ಬರುವುದನ್ನು ನೋಡಲು ದಿನವಿಡೀ ಕಾಯುತ್ತಾರೆ.

ಮೊದಲು ಟಿವಿಯ ವಿಷಯ. ಹಳೆಯ ಆಟಗಳಿಗೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕು ಎಂದಾಗ ಹಲವರು ಇದನ್ನು ಹಳೆಯದರ ಮೇಲಿನ ಮೋಹ ಎಂದುಕೊಳ್ಳುತ್ತಾರೆ. ಕಾರಣ ತಾಂತ್ರಿಕವಾದದ್ದು. ಟ್ಯೂಬ್ ಟಿವಿ ಬಂದ ಸಂಕೇತವನ್ನು ಬಂದ ಹಾಗೆಯೇ ಗೆರೆ ಗೆರೆಯಾಗಿ ಪರದೆಯ ಮೇಲೆ ಬಿಡಿಸುತ್ತದೆ. ಎಲ್‌ಸಿಡಿ ಟಿವಿ ಅದನ್ನು ಹಿಡಿದಿಟ್ಟು, ತನ್ನ ಅಳತೆಗೆ ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಎರಡು ಮೂರು ಚಿತ್ರಗಳಷ್ಟು ಕಾಲ ಕಳೆದಿರುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಮಾರಿಯೋ ಆಡುವವನು ಮಾತ್ರ ಗುಂಡಿ ಒತ್ತಿದರೂ ಹಳ್ಳಕ್ಕೆ ಬೀಳುತ್ತಾನೆ, ತನ್ನ ಕೈ ಮಂದವಾಯಿತೆಂದು ಬೇಸರಪಡುತ್ತಾನೆ.

ಹಾಗಾಗಿ ಓನಿಡಾ, ಬಿಪಿಎಲ್, ವಿಡಿಯೋಕಾನ್ ಎಂದು ಸಿಕ್ಕಿದ ಟಿವಿಗಳನ್ನೆಲ್ಲ ಮನೆಮನೆಯಿಂದ ತಂದೆವು. ಕೊಡಗಿಗೆ ರೈಲಿಲ್ಲ, ಬರುವುದೆಲ್ಲ ತಿರುವು ರಸ್ತೆಯಲ್ಲೇ ಬರಬೇಕು. 21 ಇಂಚಿನ ಟ್ಯೂಬ್ ಟಿವಿಯ ಭಾರವೆಲ್ಲ ಮುಂದಿನ ಗಾಜಿನಲ್ಲಿರುತ್ತದೆ. ಅದನ್ನು ಪಿಕಪ್‌ನಲ್ಲಿ ನಿಲ್ಲಿಸಿ ತಂದರೆ ಮೊದಲ ತಿರುವಿನಲ್ಲೇ ಮುಗ್ಗರಿಸುತ್ತದೆ. ದಪ್ಪ ಹಾಸಿಗೆಯ ಮೇಲೆ ಪರದೆಯನ್ನು ಕೆಳಮುಖ ಮಾಡಿ ಮಲಗಿಸಿ, ಸುತ್ತ ಗೋಣಿಚೀಲ ಒತ್ತಬೇಕು. ಕಾಫಿ ತುಂಬುವ ಗೋಣಿಗೆ ನಮ್ಮಲ್ಲಿ ಬರವಿಲ್ಲ.

ಸಭಾಂಗಣದಲ್ಲಿ ಟಿವಿಗಳನ್ನು ಒಂದೇ ಸಲ ಹಾಕಬಾರದು. ಬಣ್ಣದ ಟಿವಿಯನ್ನು ಹಾಕಿದ ಕ್ಷಣ ಒಳಗಿನ ಒಂದು ಸುರುಳಿ ಪರದೆಯಲ್ಲಿ ಸೇರಿದ ಕಾಂತೀಯತೆಯನ್ನು ಅಳಿಸಲು ಜೋರಾಗಿ ವಿದ್ಯುತ್ ಎಳೆಯುತ್ತದೆ. ಆಗ ಕೇಳುವ ‘ಧುಂ’ ಸದ್ದು ಅದರದ್ದೇ. ಸಾಲಾಗಿ ಹತ್ತು ಟಿವಿಗಳು ಒಟ್ಟಿಗೆ ಹೀಗೆ ಮಾಡಿದರೆ ಹೊರೆ ಹೆಚ್ಚಾದಾಗ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ ಬೀಳುತ್ತದೆ. ಒಂದು ಹಾಕಿ, ಚಿತ್ರ ನಿಂತ ಮೇಲೆ ಮುಂದಿನದು. ಧ್ವನಿವರ್ಧಕದ ಪೆಟ್ಟಿಗೆಗಳನ್ನು ಟಿವಿ ಸಾಲಿನಿಂದ ದೂರ ಇಡಿಸಬೇಕು, ಇಲ್ಲದಿದ್ದರೆ ಅವುಗಳ ಅಯಸ್ಕಾಂತದಿಂದ ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆಗಳು ಮೂಡುತ್ತವೆ. ಕರೆಂಟು ಹೋದಾಗ ಅಗ್ಗದ ಇನ್ವರ್ಟರ್ ಮೇಲೆ ಟಿವಿ ಓಡಿಸಿದರೆ ಚಿತ್ರದಲ್ಲಿ ಅಡ್ಡಪಟ್ಟಿ ತೇಲುತ್ತದೆ. ನಾವು ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್‌ವೇವ್ ಇನ್ವರ್ಟರನ್ನೇ ಬಾಡಿಗೆಗೆ ತರುತ್ತೇವೆ. ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ: ಟಿವಿಯ ಹಿಂಬದಿಯ ಮುಚ್ಚಳವನ್ನು ಕೂಟದಲ್ಲಿ ತೆಗೆಯುವಂತಿಲ್ಲ. ಬಣ್ಣದ ಟ್ಯೂಬಿನಲ್ಲಿ 20,000 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಆ ಶಕ್ತಿ ಒಳಗೆ ಉಳಿದಿರಬಹುದು. ಸುತ್ತ ಮಕ್ಕಳಿರುವ ಜಾಗ ಅದು.

ಇನ್ನು ದುರಸ್ತಿ ಮೇಜು. ಬರುವವುಗಳಲ್ಲಿ ಹೆಚ್ಚಿನವು ಜಪಾನಿನ ಫ್ಯಾಮಿಕಾಮ್ ಯಂತ್ರದ ತದ್ರೂಪುಗಳು. ನಿಂಟೆಂಡೊ ಕಂಪನಿ ಫ್ಯಾಮಿಕಾಮ್ ಬಿಡುಗಡೆ ಮಾಡಿದ್ದು 1983ರ ಜುಲೈ 15ರಂದು. ನಮ್ಮ ಊರುಗಳಿಗೆ ಬಂದದ್ದು ಬಹುಮಟ್ಟಿಗೆ ಅದರ ನಕಲುಗಳು, ಬೇರೆ ಬೇರೆ ಹೆಸರುಗಳಲ್ಲಿ, ‘9999 ಆಟಗಳು’ ಎಂದು ಬರೆದ ಕ್ಯಾಸೆಟ್‌ಗಳ ಜೊತೆ. ಪಟ್ಟಿ ಉದ್ದವಿದ್ದರೂ ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ಅವೇ ಹಿಂದೆ ಮುಂದೆ. ನಕಲು ಎಂಬ ಕಾರಣಕ್ಕೆ ಇವನ್ನು ಕೂಟದಿಂದ ಹೊರಗಿಡಬೇಕೆಂದು ಸಂಗ್ರಾಹಕರೊಬ್ಬರು ವಾದಿಸಿದ್ದರು. ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಗೋಣಿಕೊಪ್ಪಲಿನ, ಸೋಮವಾರಪೇಟೆಯ ಮಕ್ಕಳು ಆಡಿ ಬೆಳೆದದ್ದು ಇವುಗಳಲ್ಲಿ. ನಮ್ಮ ವಿಡಿಯೋ ಗೇಮ್ ಚರಿತ್ರೆ ಎಂದರೆ ಇದೇ.

ವಿರಾಜಪೇಟೆ ಕಡೆಯ ಅಕ್ಕ ಒಬ್ಬರು ಹಳೆಯ ಸೀರೆಯಲ್ಲಿ ಸುತ್ತಿದ ಯಂತ್ರವನ್ನು ಮೇಜಿನ ಮೇಲಿಟ್ಟು, “ಅಣ್ಣ, ಇದು ಸತ್ತಿದೆಯೋ ಮಲಗಿದೆಯೋ ನೋಡಿ ಹೇಳಿ” ಎಂದರು. ಅವರ ತಮ್ಮ ಕೊಲ್ಲಿಗೆ ಹೋದವರು ತಂದದ್ದಂತೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಮೈಯೆಲ್ಲ ಹೊಗೆಯ ಜಿಡ್ಡು. ಬಿಚ್ಚಿ ನೋಡಿದರೆ ಒಳಗಿನ ಬೋರ್ಡಿನಲ್ಲಿ ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬೀರುವಿನಲ್ಲಿಟ್ಟ ಯಂತ್ರಗಳಿಗೆ ಬೂಷ್ಟು ಹಿಡಿದು ತಾಮ್ರದ ಗೆರೆಗಳು ಹಸಿರಾಗುತ್ತವೆ. ಒಲೆಯ ಬಿಸಿ ಇದನ್ನು ಒಣಗಿಸಿ ಕಾಪಾಡಿತ್ತು. ಕೆಟ್ಟದ್ದು ಅಡಾಪ್ಟರ್ ಮಾತ್ರ.

ಅಡಾಪ್ಟರ್ ವಿಷಯದಲ್ಲಿ ಎಷ್ಟು ಎಚ್ಚರ ಹೇಳಿದರೂ ಸಾಲದು. ಫ್ಯಾಮಿಕಾಮ್ ಅಡಾಪ್ಟರ್ ಪಿನ್ನಿನ ನಡುವೆ ಋಣ, ಹೊರಗೆ ಧನ ಇರುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಇದು ತಿರುಗುಮುರುಗು. ಪಿನ್ ಸರಿಯಾಗಿ ಕೂರುತ್ತದೆ, ಯಂತ್ರ ಸುಡುತ್ತದೆ. ಬಾಗಿಲಿನಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇವೆ: ನಿಮ್ಮ ಅಡಾಪ್ಟರನ್ನು ಮೀಟರಿನಲ್ಲಿ ನೋಡಿಸದೆ ಚುಚ್ಚಬೇಡಿ. ಅದಾದ ಮೇಲೆ ಸಾಮಾನ್ಯ ರೋಗವೆಂದರೆ ಜಾಯ್‌ಸ್ಟಿಕ್ ವೈರು ಬುಡದಲ್ಲಿ ತುಂಡಾಗುವುದು, ಗುಂಡಿಯ ಕೆಳಗಿನ ಕಪ್ಪು ರಬ್ಬರು ಸವೆಯುವುದು. ಕ್ಯಾಸೆಟ್‌ಗೆ ಬೇಕಾದದ್ದು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ, ಅಷ್ಟೇ. ಊದಬಾರದು. ಊದಿದಾಗ ಸರಿಹೋಗುತ್ತಿದ್ದದ್ದು ಉಸಿರಿನಿಂದಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಸರಿಯಾಗಿ ಕೂರುತ್ತಿದ್ದದ್ದರಿಂದ. ಉಸಿರಿನ ತೇವ ಕಾಲಕ್ರಮೇಣ ಲೋಹವನ್ನು ತಿನ್ನುತ್ತದೆ. ಇದನ್ನು ಕೇಳಿದಾಗ ನನ್ನ ವಯಸ್ಸಿನವರ ಮುಖದಲ್ಲಿ ಮೂಡುವ ಅಚ್ಚರಿ ನೋಡಲು ನನಗೆ ಬಹಳ ಇಷ್ಟ.

ಆ ಅಕ್ಕನ ಯಂತ್ರಕ್ಕೆ ಬೇರೆ ಅಡಾಪ್ಟರ್ ಕೊಟ್ಟು ಹಾಕಿದೆ. ಮಾರಿಯೋದ ರಾಗ ಕೇಳಿದ ತಕ್ಷಣ ಅವರು ಕುರ್ಚಿ ಎಳೆದುಕೊಂಡು ಕುಳಿತು, ಜೊತೆಗೆ ಬಂದಿದ್ದ ಮಗಳಿಗೆ ಮೊದಲ ಹಂತದ ಕೊಳವೆಯೊಳಗೆ ಇಳಿಯುವ ದಾರಿ ತೋರಿಸಿದರು. ಇಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ.

ಸ್ಪರ್ಧೆ ನಡೆಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಜಪಾನ್ ಮತ್ತು ಅಮೆರಿಕದ ಯಂತ್ರಗಳು ಸೆಕೆಂಡಿಗೆ 60 ಚಿತ್ರ ಬಿಡಿಸುತ್ತವೆ. ಪಾಲ್ ಎಂಬ ಪದ್ಧತಿಯ ನಮ್ಮ ಟಿವಿಗಳಿಗೆಂದು ಮಾಡಿದ ತದ್ರೂಪುಗಳು 50. ಅಂದರೆ ಅದೇ ಆಟ ನಮ್ಮ ಮನೆಗಳಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗಿ ಓಡುತ್ತಿತ್ತು, ಸಂಗೀತದ ಲಯವೂ ಅಷ್ಟೇ ನಿಧಾನ. ಬೆಂಗಳೂರಿನಿಂದ ಬಂದವರೊಬ್ಬರು ಫ್ಯಾಮಿಕಾಮ್‌ನ ಅಮೆರಿಕದ ರೂಪವಾದ ಎನ್‌ಇಎಸ್ ಯಂತ್ರ ತಂದಾಗ, ನಮ್ಮ ಪಳಗಿದ ಆಟಗಾರರೆಲ್ಲ ಕಾಂಟ್ರಾ ಎಂಬ ಗುಂಡು ಹಾರಿಸುವ ಆಟದ ಮೊದಲ ಹಂತದಲ್ಲೇ ತಡವರಿಸಿದರು. ಅಂದಿನಿಂದ ಒಂದು ಸ್ಪರ್ಧೆಗೆ ಒಂದೇ ಬಗೆಯ ಯಂತ್ರ ಎಂಬ ನಿಯಮ ಮಾಡಿದೆವು. ಎನ್‌ಇಎಸ್‌ಗೆ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಸಂಕೇತ ಹಿಡಿಯುವ ಟಿವಿಯೂ ಬೇಕು. ಪಾಲ್ ಮಾತ್ರ ತಿಳಿದ ಹಳೆಯ ಟಿವಿಯಲ್ಲಿ ಬಣ್ಣ ಹೋಗುತ್ತದೆ, ಕೆಲವೊಮ್ಮೆ ಚಿತ್ರವೇ ಉರುಳುತ್ತದೆ.

ಕಾಂಟ್ರಾ ಮೇಜಿನಲ್ಲಿ ಪ್ರತಿವರ್ಷ ನಡೆಯುವ ಒಂದು ಘಟನೆ ಹೇಳಲೇಬೇಕು. ಯಾರೋ ಒಬ್ಬರು ಬಂದು, ಏನೂ ಮಾತಾಡದೆ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂದು ಒತ್ತಿ 30 ಜೀವ ಪಡೆಯುತ್ತಾರೆ. ಆ ಗುಟ್ಟು ಮೊದಲು ಬಂದದ್ದು 1986ರ ಗ್ರೇಡಿಯಸ್ ಆಟದಲ್ಲಿ. ಆಟ ತಯಾರಿಸುವ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಪರೀಕ್ಷೆಗಾಗಿ ಆಡುವಾಗ ಆಟ ತೀರಾ ಕಷ್ಟವೆನಿಸಿ ತನಗಾಗಿ ಸೇರಿಸಿಕೊಂಡದ್ದು. ಇಂಟರ್‌ನೆಟ್ ಇಲ್ಲದ ಕಾಲದಲ್ಲಿ ಅದು ಬಾಯಿಂದ ಬಾಯಿಗೆ ಹರಿದು ಸಿದ್ದಾಪುರದ ತೋಟದ ಕಾರ್ಮಿಕರ ಲೈನ್‌ಮನೆಯವರೆಗೆ ಬಂದಿತ್ತು ಎಂದು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

ನಮ್ಮ ಕೂಟದಲ್ಲಿ ಅತಿ ಹೆಚ್ಚು ಜನ ಸೇರುವುದು ಬಾತುಕೋಳಿ ಹೊಡೆಯುವ ಡಕ್ ಹಂಟ್ ಮುಂದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಊರು ಇದು. ಮರಕ್ಕೆ ಕಟ್ಟಿದ ಕಾಯಿಯನ್ನು ಹೊಡೆದುರುಳಿಸಿದ ಹಿರಿಯರೊಬ್ಬರು ಪ್ಲಾಸ್ಟಿಕ್ ಬಂದೂಕು ಹಿಡಿದು, ತೂಕವಿಲ್ಲವೆಂದು ತಲೆಯಾಡಿಸಿ, ಉಸಿರು ಹಿಡಿದು, ಒಂದೂ ತಪ್ಪದಂತೆ ಹೊಡೆದರು. ಆಮೇಲೆ ನನ್ನ ಮೇಜಿಗೆ ಬಂದು ಕೇಳಿದರು: “ಗುಂಡೇ ಇಲ್ಲವಲ್ಲ ಮಾರಾಯರೆ, ಟಿವಿಗೆ ಹೇಗೆ ಗೊತ್ತಾಗುತ್ತದೆ?”

ನೋಡುವ ಕೆಲಸ ಬಂದೂಕಿನದ್ದು, ಟಿವಿಯದ್ದಲ್ಲ. ಕುದುರೆ ಎಳೆದ ತಕ್ಷಣ ಆಟ ಇಡೀ ಪರದೆಯನ್ನು ಒಂದು ಗಳಿಗೆ ಕಪ್ಪಾಗಿಸಿ, ಮರುಚಿತ್ರದಲ್ಲಿ ಬಾತುಕೋಳಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕ ಮೂಡಿಸುತ್ತದೆ. ಬಂದೂಕಿನ ನಳಿಗೆಯೊಳಗಿನ ಬೆಳಕಿನ ಕಣ್ಣು ಕತ್ತಲಾದ ಮೇಲೆ ಬೆಳಕು ಕಂಡರೆ ಗುರಿ ತಾಗಿತು. ಎಲ್‌ಸಿಡಿಯಲ್ಲಿ ಆ ಬಿಳಿ ಚೌಕ ತಡವಾಗಿ ಬರುವುದರಿಂದ ಎಂಥ ಗುರಿಕಾರನಿಗೂ ಒಂದೂ ಹಕ್ಕಿ ಬೀಳುವುದಿಲ್ಲ. ಹಿರಿಯರು ಮತ್ತೆ ಹೋಗಿ ಹೊಡೆದು, ಆ ಬಿಳಿ ಚೌಕವನ್ನು ಕಣ್ಣಾರೆ ಕಂಡು ಬಂದು ನನಗೆ ವರದಿ ಒಪ್ಪಿಸಿದರು.

ಇನ್ನೊಂದು ಆಟ ಐಸ್ ಹಾಕಿ, 1988ರದ್ದು. ತೆಳ್ಳಗಿನವನು, ಮಧ್ಯಮ ಮೈಯವನು, ದಪ್ಪನೆಯವನು ಎಂದು ಮೂರು ಬಗೆಯ ಆಟಗಾರರಿಂದ ತಂಡ ಕಟ್ಟಬೇಕು. ತೆಳ್ಳಗಿನವನಿಗೆ ವೇಗ, ದಪ್ಪನೆಯವನಿಗೆ ಬಲ. ಹಾಕಿ ಎಂದರೆ ಕೊಡಗು ಸುಮ್ಮನಿರುತ್ತದೆಯೇ? 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರುಮಾಡಿದ ಕೌಟುಂಬಿಕ ಹಾಕಿಯ ಕ್ರಮವನ್ನೇ ನಾವು ಅನುಸರಿಸಿದೆವು. ಒಂದು ಮನೆಯಿಂದ ಇಬ್ಬರು, ವಯಸ್ಸಿನ ಕಟ್ಟಿಲ್ಲ, ಹೆಣ್ಣು ಗಂಡು ಎಂಬ ಭೇದವಿಲ್ಲ. ಅತ್ತೆ ಸೊಸೆಯ ಜೋಡಿ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸೋಲಿಸಿದಾಗ ಸಭಾಂಗಣದ ಹೊರಗೆ ಕಾಫಿ ಕುಡಿಯುತ್ತಿದ್ದವರೂ ಒಳಗೆ ಓಡಿಬಂದರು. ಮನೆಯ ಲೆಕ್ಕದಲ್ಲಿ ಹೆಸರು ಕೊಡಿಸಿದ ಮೇಲೆ ಬರುವವರ ಬಗೆಯೇ ಬದಲಾಯಿತು. ಮೊದಲು ಹುಡುಗರದ್ದೇ ಗುಂಪಾಗಿತ್ತು.

ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಮೇಜಿನಲ್ಲಿ ಮಾತ್ರ ಮಕ್ಕಳದ್ದೇ ರಾಜ್ಯ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ವಿಲ್ಲಿಸ್ ಗಿಬ್ಸನ್ 157ನೇ ಹಂತ ತಲುಪಿ ಎನ್‌ಇಎಸ್ ಟೆಟ್ರಿಸ್ ಯಂತ್ರವೇ ಸ್ತಬ್ಧವಾಗುವಂತೆ ಆಡಿದ ಸುದ್ದಿ ಅವರಿಗೆಲ್ಲ ಗೊತ್ತು. ಬೆರಳನ್ನು ಜಾಯ್‌ಸ್ಟಿಕ್ ಹಿಂಬದಿಯಲ್ಲಿ ಉರುಳಿಸುವ, ಅವನು ಬಳಸಿದ ವಿಧಾನವನ್ನು ಶಾಲಾ ಹುಡುಗಿಯೊಬ್ಬಳು ಅಭ್ಯಾಸ ಮಾಡಿಕೊಂಡೇ ಬಂದಿದ್ದಳು. ಅವಳ ಅಪ್ಪ ಅವಳಿಂದ ಅದನ್ನು ಕಲಿಯುತ್ತಿದ್ದರು.

ಹಳೆಯ ಆಟಗಳೆಲ್ಲ ಒಂದು ಸಣ್ಣ ಚಿಪ್‌ನಲ್ಲಿ ಸಿಗುವಾಗ ಇಷ್ಟೆಲ್ಲ ಹೊತ್ತು ತರುವುದೇಕೆ ಎಂದು ಕೇಳುವವರಿದ್ದಾರೆ. ಹಳೆಯ ಯಂತ್ರದಂತೆಯೇ ಆಟ ಓಡಿಸುವ ಅಂಥ ಎಮ್ಯುಲೇಟರ್ ಒಂದನ್ನು ನಾವೂ ಇಟ್ಟಿದ್ದೇವೆ, ಕ್ಯಾಸೆಟ್ ಸಿಗದ ಆಟಗಳನ್ನು ತೋರಿಸಲು ಅದು ಬೇಕು. ಆದರೆ ದಿನದ ಕೊನೆಯಲ್ಲಿ ಕುರ್ಚಿ ಸವೆದಿರುವುದು ಟ್ಯೂಬ್ ಟಿವಿಗಳ ಮುಂದೆ.

ನಮ್ಮ ದೊಡ್ಡ ಚಿಂತೆ ಈಗ ಟಿವಿಗಳದ್ದೇ. ಯಂತ್ರವನ್ನು ನಾನು ಸರಿಮಾಡಬಲ್ಲೆ, ಸವೆದ ಪಿಕ್ಚರ್ ಟ್ಯೂಬನ್ನು ಮತ್ತೆ ಹೊಸದು ಮಾಡಲಾರೆ. ಮನೆಯ ಟಿವಿಗೆ ಹೊಸ ಟ್ಯೂಬ್ ತಯಾರಿಸುವ ಕಾಲ ಹೋಯಿತು. ಹಾಗಾಗಿ ನಿಮ್ಮ ಮನೆಯ ಡಬ್ಬಾ ಟಿವಿಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಹಾಕಿ ನೋಡಿ. ಹತ್ತು ನಿಮಿಷ ಓಡಲಿ. ಚಿತ್ರ ಮೂಡುತ್ತದೆಯೇ, ಬಿಳಿ ಬಣ್ಣ ಬಿಳಿಯಾಗಿಯೇ ಇದೆಯೇ, ಹಿಂದೆ ಅಥವಾ ಮುಂದೆ ಆಟದ ಯಂತ್ರದ ವೈರು ಚುಚ್ಚುವ ಹಳದಿ ಬಣ್ಣದ ಎವಿ ರಂಧ್ರ ಇದೆಯೇ ಗಮನಿಸಿ. ಈ ಮೂರೂ ಇದ್ದರೆ ಅದು ನಮಗೆ ಬೇಕು. ರಿಮೋಟ್ ಇದ್ದರೆ ಅದನ್ನೂ ಕಟ್ಟಿಡಿ. ಕೆಲವು ಟಿವಿಗಳಲ್ಲಿ ಎವಿಗೆ ಹೋಗಲು ರಿಮೋಟಿನ ಗುಂಡಿ ಬಿಟ್ಟರೆ ಬೇರೆ ದಾರಿಯಿಲ್ಲ.