ಜಮೈಕಾದಲ್ಲಿ ಮತ ಹಾಕಬೇಕಾ? ಮಾರ್ಚ್ 31 ನೆನಪಿರಲಿ

2025ರ ಆಗಸ್ಟ್ 10ರಂದು ಜಮೈಕಾ ಪ್ರಧಾನಿ ಆಂಡ್ರ್ಯೂ ಹೋಲ್ನೆಸ್ ಚುನಾವಣೆಯ ದಿನಾಂಕ ಘೋಷಿಸಿದರು: ಸೆಪ್ಟೆಂಬರ್ 3. ಮರುದಿನವೇ ಇಲ್ಲೇ ಇರುವ ದಾವಣಗೆರೆಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಏಪ್ರಿಲ್‌ನಲ್ಲೇ ಹೆಸರು ಬರೆಸಿದ್ದೆ. ಲಿಸ್ಟಲ್ಲಿ ಇಲ್ವಂತೆ!" ಕೇಳಿ ಹೊಟ್ಟೆ ಕಿವುಚಿದ ಹಾಗಾಯಿತು. ಹತ್ತು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೂ ಇಲ್ಲಿ ಮತವಿದೆ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿರಬೇಕು (ಭಾರತವೂ ಅದರಲ್ಲಿದೆ), 18 ತುಂಬಿರಬೇಕು, ನೋಂದಣಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿರಬೇಕು. ಅಷ್ಟೇ.

ವರ್ಷವಿಡೀ ಹೆಸರು ಬರೆಸಬಹುದು. ನಾವು ಎಡವುವುದು ಅಲ್ಲೇ. ಪಟ್ಟಿ ಹೊರಬರುವುದು ವರ್ಷಕ್ಕೆ ಎರಡೇ ಸಲ, ಮೇ 31 ಮತ್ತು ನವೆಂಬರ್ 30. ಮೇ ಪಟ್ಟಿಗೆ ಮಾರ್ಚ್ 31ರೊಳಗೆ, ನವೆಂಬರ್ ಪಟ್ಟಿಗೆ ಸೆಪ್ಟೆಂಬರ್ 30ರೊಳಗೆ ಬರೆಸಿರಬೇಕು. ಒಂದು ದಿನ ತಡವಾದರೂ ಮುಂದಿನ ಪಟ್ಟಿಯೇ ಗತಿ. ನಾನು 2015ರ ಅಕ್ಟೋಬರ್ ಮೊದಲ ವಾರ ಹೋಗಿ ಫೋಟೋ, ಬೆರಳಚ್ಚು ಕೊಟ್ಟು ನಿಶ್ಚಿಂತೆಯಾಗಿ ಬಂದೆ. 2016ರ ಫೆಬ್ರವರಿ 25ಕ್ಕೆ ಚುನಾವಣೆ ಬಂತು. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಂತಿಮ ಫಲಿತಾಂಶ 32–31. ಒಂದೇ ಸೀಟಿನಲ್ಲಿ ಸರ್ಕಾರ ಬದಲಾಯಿತು. ಆ ರಾತ್ರಿ ಟೀವಿ ಮುಂದೆ ಕೂತಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಚುನಾವಣೆ ಯಾವಾಗ ಅಂತ ಪ್ರಧಾನಿ ತೀರ್ಮಾನಿಸುತ್ತಾರೆ. ಘೋಷಣೆ ಕೇಳಿ ಓಡಿದರೆ ಬಾಗಿಲು ಮುಚ್ಚಿರುತ್ತದೆ. ಈ ವಿಷಯದಲ್ಲಿ ನಮ್ಮೂರಿನ ಪದ್ಧತಿಯೇ ಮೇಲು. ಅಲ್ಲಿ ನಾಮಪತ್ರದ ದಿನ ಹತ್ತಿರ ಬರುವವರೆಗೂ ಹೆಸರು ಸೇರಿಸಲು ಅವಕಾಶವಿದೆ.

ಆದರೆ ಹೆಸರು ಬರೆಸಿದ ಮೇಲೆ ನಡೆಯುವ ಮನೆ ತಪಾಸಣೆ ಇಲ್ಲಿಯದೇ ಚೆನ್ನ. ಅಧಿಕಾರಿಯ ಜೊತೆ ಪಕ್ಷಗಳ ಕಡೆಯವರೂ ಬಂದು ನೀವು ಅಲ್ಲೇ ಇದ್ದೀರಾ ಅಂತ ನೋಡುತ್ತಾರೆ. ಸುಳ್ಳು ಹೆಸರು ನುಸುಳುವುದು ಕಷ್ಟ. ಒಂದು ಎಚ್ಚರಿಕೆ: ಮನೆ ಓನರ್‌ಗೆ ನಿಮ್ಮ ಪಾಸ್‌ಪೋರ್ಟ್ ಹೆಸರು ಬರೆದುಕೊಡಿ. ಅವರಿಗೆ ನೀವು ಬರೀ "ಡಾಕ್ಟರ್" ಅಥವಾ "ರಾಜ್". ನೀವು ಡ್ಯೂಟಿಯಲ್ಲಿದ್ದಾಗ ಗೇಟಿನ ಹತ್ತಿರ ಯಾರೋ ಬಂದು ಅಪ್ಪನ ಹೆಸರೂ ಸೇರಿದ ಉದ್ದನೆ ಹೆಸರು ಕೇಳಿದರೆ, "ಹಾಗಂತ ಇಲ್ಲಿ ಯಾರೂ ಇಲ್ಲ" ಅಂದುಬಿಡುತ್ತಾರೆ. ಮನೆ ಬದಲಿಸಿದರೆ ಹೊಸ ವಿಳಾಸ ಕೊಡುವುದಕ್ಕೂ ತಡ ಮಾಡಬೇಡಿ.

ಮತಗಟ್ಟೆ ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ. ಇವಿಎಂ ಇಲ್ಲ. ಕಾಗದದ ಮೇಲೆ ಗುಣಿಸು ಗುರುತು ಹಾಕಿ, ಬೆರಳನ್ನು ಶಾಯಿಯಲ್ಲಿ ಅದ್ದಿ ಬರಬೇಕು. ಅವತ್ತು ಹಸಿರು, ಕಿತ್ತಳೆ ಬಟ್ಟೆ ಮಾತ್ರ ಬೇಡ. ಇವು ಇಲ್ಲಿನ ಎರಡು ದೊಡ್ಡ ಪಕ್ಷಗಳ ಬಣ್ಣ: ಹಸಿರು ಜಮೈಕಾ ಲೇಬರ್ ಪಾರ್ಟಿಯದು (ಜೆಎಲ್‌ಪಿ), ಕಿತ್ತಳೆ ಪೀಪಲ್ಸ್ ನ್ಯಾಷನಲ್ ಪಾರ್ಟಿಯದು (ಪಿಎನ್‌ಪಿ). ಕೆಲವು ಬಡಾವಣೆಗಳಲ್ಲಿ ಬಣ್ಣ ನೋಡಿಯೇ ಜಗಳ ಶುರುವಾಗುತ್ತದೆ.